ಆಲ್ಟೊ ಸ್ಯಾಕ್ಸ್‌ನ ಮೊದಲ ಆಲ್ಬಂ: ಕೆಲಸ ಎಲ್ಲಿಗೆ ಬಂತು

ಒಟ್ಟು ಎಂಟು ಟ್ರ್ಯಾಕ್: ಐದು ಸ್ಮೂತ್ ಜಾಝ್, ಮೂರು ಫಂಕ್. ಡ್ರಮ್ಸ್, ಬೇಸ್, ಎಲೆಕ್ಟ್ರಿಕ್ ಪಿಯಾನೊ, ಗಿಟಾರ್ ಮುಗಿದಿವೆ. ಆರು ಟ್ರ್ಯಾಕ್‌ಗಳಲ್ಲಿ ಆಲ್ಟೊ ಲೀಡ್ (ಮುಖ್ಯ ಸಾಲು) ಪಕ್ಕಾ ಆಗಿದೆ. ಈಗ ಹಾರ್ನ್ ಸೆಕ್ಷನ್ (ಆಲ್ಟೊ, ಟೆನರ್ ಸ್ಯಾಕ್ಸ್, ಟ್ರಂಪೆಟ್ ಒಟ್ಟಿಗೆ) ನಡೆಯುತ್ತಿದೆ.

ಹೆಚ್ಚು ಹೊತ್ತು ಹಿಡಿದದ್ದು ಮೈಕ್ ಇಡುವ ಜಾಗ. ವಾದ್ಯದ ಅಗಲ ಬಾಯಿಯಾದ ಬೆಲ್‌ಗೆ ನೇರವಾಗಿ ಇಟ್ಟರೆ ಕೆಳಗಿನ ಬಿ ಫ್ಲಾಟ್, ಬಿ ಮಾತ್ರ ಗುಡುಗುತ್ತವೆ, ಮಿಕ್ಕ ಸ್ವರಗಳು ಹಿಂದೆ ಬೀಳುತ್ತವೆ. ಸ್ಯಾಕ್ಸ್‌ನ ನಾದ ಬರೀ ಬೆಲ್‌ನಿಂದ ಬರುವುದಲ್ಲ, ತೆರೆದಿರುವ ತೂತುಗಳಿಂದಲೂ ಬರುತ್ತದೆ. ಹಾಗಾಗಿ ರಿಬ್ಬನ್ ಮೈಕ್ (ತೆಳು ಲೋಹದ ಪಟ್ಟಿಯಿಂದ ನಾದ ಹಿಡಿಯುವ ಮೈಕ್) ಅನ್ನು 40 ಸೆಂ.ಮೀ. ದೂರದಲ್ಲಿ, ಬೆಲ್‌ನ ಅಂಚಿಗೂ ಎಡಗೈ ಕೀಗಳಿಗೂ ನಡುವೆ ಗುರಿಯಿಟ್ಟು ನಿಲ್ಲಿಸಿದ್ದೇವೆ. ಕಂಡೆನ್ಸರ್ ಮೈಕ್‌ನಲ್ಲಿ 3 ಕಿಲೋಹರ್ಟ್ಜ್ ಆಸುಪಾಸು ಚುಚ್ಚುತ್ತಿದ್ದ ಕರ್ಕಶತನ ರಿಬ್ಬನ್‌ನಲ್ಲಿ ತಾನಾಗಿಯೇ ಇಳಿಯಿತು. ರೆಕಾರ್ಡಿಂಗ್ 24 ಬಿಟ್, 48 ಕಿಲೋಹರ್ಟ್ಜ್‌ನಲ್ಲಿ. ಪೀಕ್ ಮೈನಸ್ 10 ಡೆಸಿಬೆಲ್ ದಾಟದ ಹಾಗೆ ಗೇನ್ (ಮೈಕ್ ಸದ್ದಿನ ಮಟ್ಟ) ಇಟ್ಟಿದ್ದೇವೆ.

ಶ್ರುತಿಯದ್ದು ದೊಡ್ಡ ತಲೆನೋವು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ (ಅರ್ಧ ಸ್ವರದ ನೂರನೇ ಒಂದು ಭಾಗವೇ ಒಂದು ಸೆಂಟ್). ಬೆಳಿಗ್ಗೆ 23 ಡಿಗ್ರಿಯಲ್ಲಿ ಕೂಡಿಸಿದ್ದು ಮಧ್ಯಾಹ್ನ 28ಕ್ಕೆ ಬಂದರೆ 15 ಸೆಂಟ್ ಮೇಲೆ. 440 ಹರ್ಟ್ಜ್ ಶ್ರುತಿಗೆ ಕಟ್ಟಿಬಿದ್ದ ಪಿಯಾನೊ ಪಕ್ಕದಲ್ಲಿ ಅದು ತಕ್ಷಣ ಗೊತ್ತಾಗುತ್ತದೆ. ಮೌತ್‌ಪೀಸ್ ಹೊರಗೆಳೆದರೆ ಎಲ್ಲ ಸ್ವರ ಒಂದೇ ಸಮ ಇಳಿಯುವುದಿಲ್ಲ, ಕೊಳವೆಯ ಗಿಡ್ಡ ಭಾಗದಲ್ಲಿ ಹುಟ್ಟುವ ಸ್ವರಗಳೇ ಹೆಚ್ಚು ಇಳಿಯುತ್ತವೆ. ಆದ್ದರಿಂದ ಕೋಣೆಯ ಉಷ್ಣತೆ ಒಂದೇ ಮಟ್ಟದಲ್ಲಿ ನಿಲ್ಲಿಸಿ, ವಾದ್ಯ ಬೆಚ್ಚಗಾದ ಮೇಲಷ್ಟೇ ಶ್ರುತಿ. ನಡುವಿನ ಡಿ ಆಮೇಲೂ ಏರಿಯೇ ಇರುತ್ತದೆ. ನೀಳ ಸ್ವರವಾದರೆ ಕೆಳಗಿನ ಬಿ ಕೀ ಜೊತೆಗೆ ಒತ್ತಿದರೆ ಸರಿಹೋಗುತ್ತದೆ. ಹೆಡ್‌ಫೋನ್‌ನಲ್ಲಿ ತನ್ನ ಸ್ವರ ತನಗೆ ಕೇಳದಿದ್ದರೆ ನುಡಿಸುವವರು ರೀಡ್ (ಮೌತ್‌ಪೀಸ್‌ನಲ್ಲಿ ಕಂಪಿಸುವ ತೆಳು ಪಟ್ಟಿ) ಕಚ್ಚುತ್ತಾರೆ, ಶ್ರುತಿ ಇನ್ನೂ ಏರುತ್ತದೆ. ಒಂದು ಕಿವಿ ತೆರೆದಿಡುವುದು ಒಳ್ಳೆಯದು, ಆದರೆ ಆ ಕಡೆಯ ಹೆಡ್‌ಫೋನ್ ಮ್ಯೂಟ್ ಮಾಡಲೇಬೇಕು. ಇಲ್ಲದಿದ್ದರೆ ತಾಳಕ್ಕೆ ಹಾಕಿದ ಕ್ಲಿಕ್ ಸದ್ದು ಮೈಕ್‌ಗೆ ಸೋರುತ್ತದೆ.

ಮಳೆಗಾಲದ ತೇವಕ್ಕೆ ಜಿ ಶಾರ್ಪ್ ಪ್ಯಾಡ್ (ತೂತು ಮುಚ್ಚುವ ಚರ್ಮದ ಮೆತ್ತೆ) ಅಂಟಿಕೊಳ್ಳುತ್ತದೆ. ಪ್ಯಾಡ್ ಕೆಳಗೆ ಬ್ಲಾಟಿಂಗ್ ಪೇಪರ್ ಇಟ್ಟು ಮೆಲ್ಲಗೆ ಒತ್ತಿ, ಬಿಟ್ಟು, ಆಮೇಲೆ ತೆಗೆಯಬೇಕು. ಒತ್ತಿರುವಾಗಲೇ ಎಳೆದರೆ ಚರ್ಮ ಹರಿಯುತ್ತದೆ. ಪೌಡರ್ ಬೇಡ, ಅದು ಮೆತ್ತಿಕೊಂಡು ಇನ್ನಷ್ಟು ಅಂಟಾಗುತ್ತದೆ. ಎರಡೂವರೆ ನಂಬರಿನ ಗಡಸುತನದ ನಾಲ್ಕು ರೀಡ್‌ಗಳನ್ನು ಸರದಿಯಲ್ಲಿ ಬಳಸುತ್ತಿದ್ದೇವೆ. ಒಂದು ಟ್ರ್ಯಾಕ್ ಶುರುವಾದ ರೀಡ್‌ನಲ್ಲೇ ಮುಗಿಯಬೇಕು. ನಡುವೆ ಬದಲಿಸಿದರೆ ಪಂಚ್-ಇನ್ ಮಾಡಿದ (ನಡುವೆ ತುಣುಕು ಮರುರೆಕಾರ್ಡ್ ಮಾಡಿ ಸೇರಿಸಿದ) ಜಾಗ ಕಿವಿಗೆ ಹೊಡೆಯುತ್ತದೆ.

ಇನ್ನು ಫಂಕ್. 102 ಬಿಪಿಎಂನಲ್ಲಿ (ನಿಮಿಷಕ್ಕೆ 102 ಬೀಟ್) ಹದಿನಾರನೇ ಸ್ವರವೊಂದಕ್ಕೆ, ಅಂದರೆ ಕಾಲು ಬೀಟ್‌ಗೆ, ಸಿಗುವುದು 147 ಮಿಲಿಸೆಕೆಂಡ್. ಆಲ್ಟೊ, ಟೆನರ್, ಟ್ರಂಪೆಟ್ ಮೂರೂ ಒಟ್ಟಿಗೆ ಶುರುವಾದರೆ ಸಾಲದು, ಒಟ್ಟಿಗೆ ನಿಲ್ಲಬೇಕು. ಟೆನರ್ ಬಾಲ ಎಳೆದರೆ ಸ್ಟ್ಯಾಬ್ (ಎಲ್ಲರೂ ಒಟ್ಟಿಗೆ ಹೊಡೆಯುವ ಗಿಡ್ಡ ಪೆಟ್ಟು) ಸತ್ತಂತೆ. ಉಸಿರಿನಿಂದ ನಿಲ್ಲಿಸಿದರೆ ಕೊನೆ ಮಸುಕಾಗುತ್ತದೆ, ನಾಲಿಗೆಯಿಂದ ರೀಡ್ ಮುಟ್ಟಿ ಕತ್ತರಿಸಬೇಕು. ಫಂಕ್ ಆಲ್ಟೊ ವಾದಕ ಮೇಸಿಯೊ ಪಾರ್ಕರ್ ನುಡಿಸಾಣಿಕೆ ಗಮನವಿಟ್ಟು ಕೇಳಿದರೆ, ಗ್ರೂವ್ (ಲಯದ ಹಿಡಿತ) ಕಟ್ಟುವುದರಲ್ಲಿ ಸ್ವರಗಳ ನಡುವಿನ ಮೌನದ ಪಾಲು ಎಷ್ಟೆಂದು ತಿಳಿಯುತ್ತದೆ. ಕರ್ನಾಟಕ ಸಂಗೀತವನ್ನು ಸ್ಯಾಕ್ಸ್‌ನಲ್ಲಿ ನುಡಿಸಿದ ಕದ್ರಿ ಗೋಪಾಲನಾಥರನ್ನು ಕೇಳಿ ಬೆಳೆದ ಕಿವಿಗೆ ಜಾರು (ಸ್ವರದಿಂದ ಸ್ವರಕ್ಕೆ ಜಾರುವುದು) ಸಲೀಸು. ನಿಧಾನದ ಟ್ರ್ಯಾಕ್‌ಗಳಲ್ಲಿ ಅದಕ್ಕೆ ಜಾಗ ಬಿಟ್ಟಿದ್ದೇವೆ. ಫಂಕ್‌ನಲ್ಲಿ ಮಾತ್ರ ದವಡೆ ಸಡಿಲಿಸಿ ಅರ್ಧ ಸ್ವರ ಕೆಳಗಿನಿಂದ ಎತ್ತುವುದಷ್ಟೇ, ಅದೂ ಸಾಲಿಗೊಮ್ಮೆ.

ರಫ್ ಮಿಕ್ಸ್‌ನಲ್ಲಿ ಆಲ್ಟೊಗೆ 110 ಹರ್ಟ್ಜ್ ಕೆಳಗೆ ಕತ್ತರಿ; ವಾದ್ಯದ ಅತಿ ಕೆಳಗಿನ ಸ್ವರವೇ 139 ಹರ್ಟ್ಜ್, ಏನೂ ನಷ್ಟವಿಲ್ಲ. ಜೋರು ಸದ್ದನ್ನು ತಗ್ಗಿಸುವ ಕಂಪ್ರೆಶನ್ 3:1, ಅದು ಕೆಲಸ ಶುರುಮಾಡುವ ಅಟ್ಯಾಕ್ ಸಮಯ 25 ಮಿಲಿಸೆಕೆಂಡ್. ಇನ್ನೂ ವೇಗ ಮಾಡಿದರೆ ನಾಲಿಗೆಯ ಪೆಟ್ಟು ಮಾಯ. 92 ಬಿಪಿಎಂ ಟ್ರ್ಯಾಕ್‌ಗೆ 489 ಮಿಲಿಸೆಕೆಂಡ್ ಡಿಲೇ (ತಡವಾಗಿ ಮರುಕಳಿಸುವ ಸದ್ದು), ಅಂದರೆ ಡಾಟೆಡ್ ಎಂಟನೇ ಸ್ವರ (ಮುಕ್ಕಾಲು ಬೀಟ್), ಪ್ಲೇಟ್ ರಿವರ್ಬ್ ಎಂಬ ಅನುರಣನಕ್ಕಿಂತ ಚೆನ್ನಾಗಿ ಕೂತಿದೆ.

ಬಾಕಿ ಉಳಿದದ್ದು: ಎರಡು ಲೀಡ್, ಒಂದು ಟ್ರ್ಯಾಕ್‌ನ ಟೆನರ್ ಮರುರೆಕಾರ್ಡಿಂಗ್, ಆಮೇಲೆ ಮೈನಸ್ 1 ಡೆಸಿಬೆಲ್ ಟ್ರೂ ಪೀಕ್ (ಸದ್ದಿನ ನಿಜವಾದ ಗರಿಷ್ಠ ಮಟ್ಟ) ಇಟ್ಟು ಮಾಸ್ಟರಿಂಗ್, ಅಂದರೆ ಕೊನೆಯ ಹದ.