ಮೊರೇರ ಬೆಟ್ಟದಲ್ಲಿ ಅಪ್ಪ ಕಲ್ಲು ತಟ್ಟಿದ ದಿನ

ಕಳೆದ ಡಿಸೆಂಬರಿನಲ್ಲಿ ಮಕ್ಕಳ ಶಾಲೆಗೆ ರಜೆ ಸಿಕ್ಕಾಗ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು 68 ವರ್ಷದ ಅಪ್ಪ, ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಸಮೀಪ ಗೆಳೆಯರೊಬ್ಬರ ಹೊಲದಲ್ಲಿ ಟೆಂಟ್ ಹಾಕಿಕೊಂಡು ಎರಡು ರಾತ್ರಿ ಉಳಿದೆವು. ಭತ್ತದ ಕೊಯ್ಲು ಮುಗಿದಿತ್ತು. ಹೊಲದ ಬದುವಿನ ಪಕ್ಕದಲ್ಲಿ ಹೊಸ ಹುಲ್ಲಿನ ಬಣವೆ ಇದ್ದುದರಿಂದ ರಾತ್ರಿಯೆಲ್ಲ ಅದರ ವಾಸನೆಯಲ್ಲೇ ಮಲಗಿದಂತಿತ್ತು. ಮರುದಿನ ಬೆಳಿಗ್ಗೆ ಬೆಟ್ಟ ಹತ್ತುವುದೆಂದು ತೀರ್ಮಾನವಾಗಿತ್ತು. ಅಪ್ಪ ಕೆಳಗೇ ಉಳಿಯುತ್ತಾರೆಂದು ನಾವೆಲ್ಲ ಎಣಿಸಿದ್ದೆವು, ಆದರೆ ಎಲ್ಲರಿಗಿಂತ ಮೊದಲು ಎದ್ದು ಟವೆಲ್ ಸುತ್ತಿಕೊಂಡು ಸಿದ್ಧರಾಗಿ ಕುಳಿತಿದ್ದವರು ಅವರೇ.

ರೊಟ್ಟಿ, ಶೇಂಗಾ ಹಿಂಡಿ, ಆರು ಬಾಟಲಿ ನೀರು ಕಟ್ಟಿಕೊಂಡು ಹೊರಟೆವು. ದಾರಿ ತಪ್ಪಿಸಿದವನು ನಾನು. ಮೊಬೈಲಿನ ನಕ್ಷೆಯನ್ನು ನಂಬಿ ಆಡುಗಳು ತಿರುಗಾಡುವ ಸವಕಲು ದಾರಿಯೊಂದನ್ನು ಹಿಡಿದೆ. ಅದು ಮುಳ್ಳುಕಂಟಿಯ ನಡುವೆ ಕೊನೆಗೊಂಡಿತು. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಕೂಗಿ ಕರೆದು ಸರಿಯಾದ ದಾರಿಗೆ ಹಚ್ಚಿ, ಕರಡಿಗಳ ಓಡಾಟವಿರುವುದರಿಂದ ಹೊತ್ತು ಮುಳುಗುವ ಮೊದಲೇ ಇಳಿದುಬಿಡಬೇಕೆಂದು ಎಚ್ಚರಿಸಿದರು. ಅಷ್ಟರಲ್ಲಿ ಸುಮಾರು ಒಂದು ಗಂಟೆಯೂ ಎರಡು ಬಾಟಲಿ ನೀರೂ ಹೋಗಿದ್ದವು.

ಬಂಡೆಗಳ ಸಂದಿಯಿಂದ ಮೇಲಿನ ಬಯಲಿಗೆ ಕಾಲಿಟ್ಟಾಗ ಮಕ್ಕಳ ಮಾತು ನಿಂತಿತು. ನಾಲ್ಕು ದಿಕ್ಕಿಗೂ ಕಲ್ಲಿನ ಮನೆಗಳು. ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಮೇಲೆ ಇನ್ನೊಂದನ್ನು ಹೊದಿಸಿದ ಕೋಣೆಗಳು. ಕೆಲವಕ್ಕೆ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಕೆಲವು ನನ್ನ ಮೊಣಕಾಲಿನಷ್ಟು, ಕೆಲವು ನನ್ನ ತಲೆಯನ್ನೂ ಮೀರಿದ ಎತ್ತರ. ಬೃಹತ್ ಶಿಲಾಯುಗದ ಇಂಥ ಸಮಾಧಿ ರಚನೆಗಳು ಈ ಬೆಟ್ಟದಲ್ಲಿ ಸುಮಾರು 400 ಇವೆ. ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಅವಧಿಯವೆಂದು ಇವುಗಳ ಕಾಲವನ್ನು ಗುರುತಿಸಲಾಗಿದೆ. 2021ರಲ್ಲಿ ಈ ತಾಣವು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಊರವರು ಇದನ್ನು ಮೊರೇರ ಬೆಟ್ಟ ಎನ್ನುತ್ತಾರೆ. ಮೊರೇರು ಎಂದರೆ ಹಿಂದಿನ ಕಾಲದ ಕುಳ್ಳ ಜನ, ಇವು ಅವರ ಮನೆಗಳು ಎಂಬುದು ಈ ಭಾಗದ ನಂಬಿಕೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿರುವುದರಿಂದ ಕೆಲವರು ಇದನ್ನು ಮೌರ್ಯರ ಬೆಟ್ಟವೆಂದೇ ಬರೆಯುತ್ತಾರೆ. ಆದರೆ ಈ ಕಟ್ಟಡಗಳ ಕೆಲಸ ಅಶೋಕನಿಗಿಂತ ಎಷ್ಟೋ ಮೊದಲೇ ಆರಂಭವಾಗಿತ್ತೆಂಬುದನ್ನು ನೆನೆದರೆ ಆ ಹೆಸರು ನನಗೆ ಒಪ್ಪಿಗೆಯಾಗುವುದಿಲ್ಲ.

ಇಷ್ಟನ್ನು ನಾನು ಓದಿಕೊಂಡು ಬಂದಿದ್ದೆ. ಆದರೆ ಆ ಕಲ್ಲುಗಳನ್ನು ನನಗೆ ತೋರಿಸಿದವರು ಅಪ್ಪ. ಕುಷ್ಟಗಿ ಕಡೆಯ ಕಲ್ಲಿನ ಕ್ವಾರಿಗಳಲ್ಲಿ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಳಿ, ಸುತ್ತಿಗೆ ಹಿಡಿದವರು. ಅವರ ಬಲಗೈಯ ಹೆಬ್ಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಅವರು ಕಿಂಡಿಯೊಳಗೆ ಇಣುಕಲಿಲ್ಲ, ಫೋಟೊಕ್ಕೆ ನಿಲ್ಲಲಿಲ್ಲ. ನೇರವಾಗಿ ಒಂದು ಚಪ್ಪಡಿಯ ಅಂಚಿಗೆ ಹೋಗಿ, ಅಂಗೈಯನ್ನು ಅದರ ಮೇಲಿಟ್ಟು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಸವರಿದರು. ಒಂದು ಗೇಣಿಗಿಂತಲೂ ತೆಳುವಾಗಿದ್ದ ಆ ಅಂಚು ಉದ್ದಕ್ಕೂ ಒಂದೇ ದಪ್ಪವಾಗಿತ್ತು. ಆಮೇಲೆ ಬೆಣಚುಕಲ್ಲಿನ ಚೂರೊಂದನ್ನು ಹೆಕ್ಕಿ, ನಾವು ನಿಂತಿದ್ದ ಹಾಸುಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಅಲ್ಲಲ್ಲಿ ತಟ್ಟುತ್ತಾ ಹೋದರು. ಒಂದು ಕಡೆ ಗಟ್ಟಿಯಾದ ಟಣ್ ಎಂಬ ಸದ್ದು. ಎರಡು ಮೊಳದಾಚೆ ಮಡಕೆಯ ಹೊಟ್ಟೆ ತಟ್ಟಿದಂಥ ಟೊಳ್ಳು ಸದ್ದು.

"ಇಲ್ಲಿ ಪದರು ಎದ್ದೈತಿ ನೋಡವ್ವಾ," ಎಂದು ನನ್ನ ಮಗಳನ್ನು ಕರೆದು ಅವಳ ಕೈಗೆ ಕಲ್ಲು ಕೊಟ್ಟರು.

ಹಾಸುಬಂಡೆಯ ಮೇಲ್ಮೈ ಬಿಸಿಲು ಚಳಿಗೆ ಹಿಗ್ಗಿ ಕುಗ್ಗಿ ಈರುಳ್ಳಿ ಸಿಪ್ಪೆಯ ಹಾಗೆ ಪದರು ಬಿಡುತ್ತದೆ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಪ್ರೆಸರ್ ಯಂತ್ರಗಳು ಇನ್ನೂ ಬಂದಿರಲಿಲ್ಲವಂತೆ. ಬಂಡೆಯ ಮೇಲೆ ಸೌದೆಯನ್ನು ಸಾಲಾಗಿ ಉರಿಸಿ, ಬೆಂಕಿಯನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತಾ, ಹಿಂದಿನಿಂದ ತಟ್ಟಿ ಸದ್ದು ಕೇಳುತ್ತಾ ಹೋಗುತ್ತಿದ್ದರಂತೆ. ಸದ್ದು ಟೊಳ್ಳಾದಷ್ಟು ದೂರ ಪದರು ಎದ್ದಿದೆ ಎಂದರ್ಥ. ಬಳಿಕ ಹಾರೆ ಹಾಕಿ ಎಬ್ಬಿಸುವುದು. ಇಲ್ಲಿಯವರೂ ಹೀಗೆಯೇ ಮಾಡಿರಬೇಕೆಂಬುದು ಅವರ ಊಹೆ. ಸಮಾಧಿಗಳ ಪಕ್ಕದ ಕೊಳದ ಅಂಚಿಗೆ ಹೋದಾಗ, ನೀರಿನತ್ತ ಮೆಟ್ಟಿಲಿನಂತೆ ಇಳಿದಿದ್ದ ಬಂಡೆಯನ್ನು ತೋರಿಸಿ, ಕಲ್ಲನ್ನು ಇಲ್ಲಿಂದಲೇ ಎತ್ತಿದ್ದಾರೆ ಎಂದರು. ಆ ಕೊಳವನ್ನು ಚಪ್ಪಡಿ ತೆಗೆದ ಜಾಗವೆಂದೇ ವಿದ್ವಾಂಸರೂ ಗುರುತಿಸಿದ್ದಾರೆ. ಅಪ್ಪ ಅಂಥ ಒಂದು ಸಾಲನ್ನೂ ಓದಿದವರಲ್ಲ.

ಮಗ ಉರುಳಿದ ಚಪ್ಪಡಿಯೊಂದನ್ನು ಏರಲು ಹೊರಟಾಗ ಮಾತ್ರ ಅಪ್ಪ ಗದರಿದರು. ಅನೇಕ ಕೋಣೆಗಳ ನೆಲವನ್ನು ನಿಧಿಯಾಸೆಗೆ ಬಗೆದು, ಕಲ್ಲುಗಳನ್ನು ಕೆಡವಿರುವುದು ಕಣ್ಣಿಗೆ ಕಾಣುತ್ತಿತ್ತು. ಒಂದು ಒಡೆದ ಚಪ್ಪಡಿಯ ಮುಂದೆ ಅವರು ಬಹಳ ಹೊತ್ತು ನಿಂತಿದ್ದರು. "ಇದನ್ನ ಎಬ್ಬಿಸಾಕ ಎಷ್ಟು ದಿನ ಹಿಡಿದಿತ್ತೋ," ಎಂದಷ್ಟೇ ಅಂದರು. ಸತ್ತವರ ಸಮಾಧಿ ಹಾಳಾಯಿತೆಂದು ನಾನು ಮರುಗುತ್ತಿದ್ದೆ. ಅವರು ಕೂಲಿಯವರ ದುಡಿಮೆ ಹಾಳಾಯಿತೆಂದು ಮರುಗುತ್ತಿದ್ದರು. ಅವರ ನೋವೇ ಹೆಚ್ಚು ಸರಿಯಾದದ್ದೆಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಎತ್ತರದ ಬಂಡೆಯ ಮೇಲಿರುವ ನಗಾರಿ ಕಲ್ಲನ್ನು ಕೆಳಗಿನಿಂದಲೇ ನೋಡಿದೆವು. ಕೆಂಪು ಬಣ್ಣದ ಗವಿಚಿತ್ರಗಳವರೆಗೆ ಹೋಗಲು ಹೊತ್ತೂ ಇರಲಿಲ್ಲ, ನೀರೂ ಇರಲಿಲ್ಲ. ನಾಲ್ಕು ಗಂಟೆಗೆ ಇಳಿಯತೊಡಗಿದೆವು. ಇಳಿಜಾರಿನಲ್ಲಿ ಅಪ್ಪ ಮೊದಲ ಬಾರಿಗೆ ನನ್ನ ಹೆಗಲು ಹಿಡಿದುಕೊಂಡರು.

ರಾತ್ರಿ ಟೆಂಟಿನ ಮುಂದೆ ಒಲೆ ಹೂಡಲು ಮಗಳು ಬದುವಿನಿಂದ ಮೂರು ಕಲ್ಲು ತಂದಳು. ಇಡುವ ಮೊದಲು ಒಂದೊಂದನ್ನೂ ಇನ್ನೊಂದಕ್ಕೆ ತಟ್ಟಿ ಕಿವಿಗೊಟ್ಟಳು. ಮೂರನೆಯದರ ಸದ್ದು ಕೇಳಿ ಅಜ್ಜನ ಮುಖ ನೋಡಿದಳು. ಬೆಂಕಿಗೆ ಅದು ಸಿಡಿಯುತ್ತದೆಂದು ಅವರು ತಲೆಯಾಡಿಸಿದರು. ಅವಳು ಅದನ್ನು ಕತ್ತಲಿಗೆಸೆದು, ಟಾರ್ಚ್ ಹಿಡಿದು ಬೇರೊಂದನ್ನು ಹುಡುಕಲು ಹೋದಳು.