ಫರಸಿ ಹಾಸು ಮೊದಲು, ಸಮ್ಮಿತಿ ಆಮೇಲೆ

ಪ್ರಾಥಮಿಕ ತರಗತಿಯಲ್ಲಿ ಸಮ್ಮಿತಿ (ಸಿಮೆಟ್ರಿ) ಅಂದಕೂಡಲೇ ಚಿಟ್ಟೆ ಬರುತ್ತದೆ. ಚಿಟ್ಟೆ ಬಿಡಿಸಿ ನಡುವೆ ಗೆರೆ ಎಳೆದರೆ ಮಗುವಿಗೆ ತಿಳಿಯುವುದು ಎಡಬಲದ ಹೋಲಿಕೆ ಒಂದೇ. ಆಕೃತಿಯನ್ನು ಸರಿಸಿದರೆ, ತಿರುಗಿಸಿದರೆ, ಮಗುಚಿದರೆ ಏನಾಗುತ್ತದೆ ಎಂಬುದು ಅದರಲ್ಲಿ ಸಿಗುವುದಿಲ್ಲ. ಅದಕ್ಕೇ ಟೆಸಲೇಷನ್‌ನಿಂದ ಶುರುಮಾಡಬೇಕು: ಫರಸಿ ಹಾಸಿದ ಹಾಗೆ, ಸಂದಿ ಬಿಡದೆ, ಒಂದರ ಮೇಲೊಂದು ಏರಿಸದೆ ನೆಲ ತುಂಬಿಸುವುದು. ಹುಬ್ಬಳ್ಳಿಯ ಫುಟ್‌ಪಾತಿನ ಪೇವರ್ ಬ್ಲಾಕ್ ನೋಡಿದ ಮಗುವಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಳೆಯ ಲಗ್ನಪತ್ರಿಕೆಗಳ ರಟ್ಟು ಸಾಕು. ಸಮಬಾಹು ತ್ರಿಭುಜ, ಚೌಕ, ಸಮ ಪಂಚಭುಜ, ಸಮ ಷಡ್ಭುಜ, ಎಲ್ಲದರ ಬಾಹುವೂ 5 ಸೆಂ.ಮೀ. ಇರಲಿ. ನಾಲ್ಕು ಮಕ್ಕಳ ಗುಂಪಿಗೆ ತ್ರಿಭುಜ 12, ಚೌಕ 8, ಉಳಿದವು ಆರಾರು. ಷಡ್ಭುಜಕ್ಕೆ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ಕೈವಾರವನ್ನು ಹಾಗೇ ಇಟ್ಟು ಸುತ್ತ ಆರು ಗುರುತು ಹಾಕಿ. ಪಂಚಭುಜಕ್ಕೆ ತ್ರಿಜ್ಯ ಸುಮಾರು 4.25 ಸೆಂ.ಮೀ., ಕೇಂದ್ರದಲ್ಲಿ 72 ಡಿಗ್ರಿಗೊಂದು ಗುರುತು. ಇವನ್ನು ದೊಡ್ಡವರೇ ಕತ್ತರಿಸಬೇಕು. ತ್ರಿಭುಜ ಎರಡು ಮಿ.ಮೀ. ತಪ್ಪಿದರೂ ಆರನ್ನು ಸುತ್ತ ಜೋಡಿಸಿದಾಗ ಸಂದಿ ಬೀಳುತ್ತದೆ, 'ತ್ರಿಭುಜ ಹಾಸಲಿಕ್ಕೆ ಬರುವುದಿಲ್ಲ' ಎಂದು ಮಗು ತೀರ್ಮಾನಿಸಿಬಿಡುತ್ತದೆ. ಪ್ರತಿ ಸಲವೂ ಮೂಲ ಅಚ್ಚನ್ನೇ ಇಟ್ಟು ಗೆರೆ ಎಳೆಯಿರಿ. ಈಗಷ್ಟೇ ಕತ್ತರಿಸಿದ ತುಂಡನ್ನು ಅಚ್ಚು ಮಾಡಿಕೊಂಡರೆ ಪೆನ್ಸಿಲ್ ಗೆರೆಯ ದಪ್ಪ ಸೇರುತ್ತಾ ಸೇರುತ್ತಾ ಆಕೃತಿ ಬೆಳೆಯುತ್ತದೆ.

ಒಂದು ಬಿಂದುವಿನ ಸುತ್ತ ತ್ರಿಭುಜ ಆರು, ಚೌಕ ನಾಲ್ಕು, ಷಡ್ಭುಜ ಮೂರು ಕೂಡುತ್ತವೆ. ಪಂಚಭುಜ ಮೂರು ಕೂತಮೇಲೆ ಒಂದು ಸೀಳು ಉಳಿಯುತ್ತದೆ, ನಾಲ್ಕನೆಯದಕ್ಕೆ ಜಾಗವಿಲ್ಲ. ಈ ಸೋಲನ್ನು ಮಕ್ಕಳಿಂದ ದಯವಿಟ್ಟು ಮುಚ್ಚಿಡಬೇಡಿ. ಇಡೀ ಪಾಠದ ಜೀವ ಇರುವುದೇ ಆ ಸೀಳಿನಲ್ಲಿ. ಐದನೆಯ ತರಗತಿಯವರು ಕೋನಮಾಪಕ ಹಿಡಿದು ಅಳೆಯಲಿ: ಪಂಚಭುಜದ ಒಂದು ಮೂಲೆ 108 ಡಿಗ್ರಿ, ಅದರ ಮೂರು ಪಟ್ಟು 324, ಪೂರ್ತಿ ಸುತ್ತಿನ 360ರಲ್ಲಿ ಉಳಿದದ್ದು 36 ಡಿಗ್ರಿ. ಮೂರನೆಯ ತರಗತಿಗೆ ಡಿಗ್ರಿ ಬೇಡ, ಆ ಸೀಳಿನ ಅಳತೆಗೆ ಒಂದು ಚೂರು ಕತ್ತರಿಸಿ ಕೂಡಿಸಿದರೆ ಸಾಕು.

ಮುಂದಿನದು ಮಕ್ಕಳನ್ನು ನಿಜಕ್ಕೂ ಬೆರಗುಗೊಳಿಸುತ್ತದೆ. ನಾಲ್ಕೂ ಬಾಹು ಬೇರೆ ಬೇರೆ ಇರುವ ಸೊಟ್ಟ ಚತುರ್ಭುಜವೂ ನೆಲ ತುಂಬುತ್ತದೆ. ಎಂಟು ಹಾಳೆ ಒಟ್ಟಿ ಒಂದೇ ಏಟಿಗೆ ಕತ್ತರಿಸಿ. ಒಂದೇ ಹಾಳೆಯನ್ನು ಮಡಿಚಿ ಕತ್ತರಿಸಬೇಡಿ, ಮಡಿಚಿದರೆ ಅರ್ಧ ತುಂಡುಗಳು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ಬರುತ್ತವೆ. ಪ್ರತಿ ತುಂಡಿನ ಅದೇ ಮೂಲೆಗೆ ಅದೇ ಬಣ್ಣ ಬರುವಂತೆ ಕೆಂಪು, ಹಸಿರು, ಹಳದಿ, ನೀಲಿ ಹಚ್ಚಿ, ಅದೂ ಒಂದೇ ಬದಿಗೆ. ತುಂಡನ್ನು ಅರ್ಧ ಸುತ್ತು ತಿರುಗಿಸಿ ಸಮ ಬಾಹುವಿಗೆ ಸಮ ಬಾಹು ಹಚ್ಚುತ್ತಾ ಹೋದರೆ ಮೂಲೆಗಳು ಕೂಡುವಲ್ಲೆಲ್ಲ ನಾಲ್ಕೂ ಬಣ್ಣ ಒಂದೊಂದು ಸಲ ಬರುತ್ತವೆ. ಬರಲಿಲ್ಲ ಎಂದರೆ ಯಾವುದೋ ತುಂಡು ಮಗುಚಿದೆ, ಇಲ್ಲವೇ ತಿರುಗಿಸದೆ ಬರೀ ಸರಿಸಿಟ್ಟಿದ್ದಾರೆ.

ನಾಲ್ಕನೆಯ ತರಗತಿಯಿಂದ ಸ್ವಂತ ಅಚ್ಚು ಮಾಡಿಸಬಹುದು. 6 ಸೆಂ.ಮೀ. ಚೌಕದ ಎಡ ಬಾಹುವಿನ ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ, ಚೌಕದ ಒಳಗೇ ಅಂಕುಡೊಂಕು ಗೆರೆ ಎಳೆದು ಕತ್ತರಿಸಿ, ಆ ಚೂರನ್ನು ನೇರ ಸರಿಸಿ ಬಲ ಬಾಹುವಿಗೆ ಟೇಪ್ ಹಚ್ಚುವುದು. ಕೆಡುವುದು ಮೂರು ಕಡೆ: ಚೂರನ್ನು ಮಗುಚಿ ಹಚ್ಚುತ್ತಾರೆ, ಪಕ್ಕದ ಬಾಹುವಿಗೆ ಹಚ್ಚುತ್ತಾರೆ, ಅಂಚಿಗೆ ಅಂಚು ತಾಗಿಸದೆ ಮೇಲೆ ಏರಿಸಿ ಅಂಟಿಸುತ್ತಾರೆ. ಕತ್ತರಿಸುವ ಮೊದಲೇ ಚೌಕದ ಮೇಲೂ ಚೂರಿನ ಮೇಲೂ ಮೇಲ್ಮುಖದ ಬಾಣ ಹಾಕಿಸಿದರೆ ಮೊದಲ ಎರಡು ತಪ್ಪು ತಪ್ಪುತ್ತವೆ. ಎ4 ಹಾಳೆಯಲ್ಲಿ ಮೂರರಂತೆ ನಾಲ್ಕು ಸಾಲು, ಹನ್ನೆರಡು ಅಚ್ಚು ಆರಾಮಾಗಿ ಕೂಡುತ್ತವೆ.

ಇಷ್ಟಾದಮೇಲೆ ಸಮ್ಮಿತಿ ಸಲೀಸು. ಕಾಗದದ ಆಕೃತಿ ಮಡಿಚಿ ಎಣಿಸಲಿ: ಮಡಿಚಿದಾಗ ಎರಡು ಅರ್ಧಗಳು ಒಂದರ ಮೇಲೊಂದು ಸರಿಯಾಗಿ ಕೂಡುವ ಗೆರೆಯೇ ಅಕ್ಷ, ಚೌಕಕ್ಕೆ ಅಂಥವು ನಾಲ್ಕು, ಆಯತಕ್ಕೆ ಎರಡೇ. ಆಯತದ ಕರ್ಣವೂ ಅಕ್ಷವೆಂದು ಹೆಚ್ಚಿನವರು ಹೇಳುತ್ತಾರೆ. ಮಡಿಚಿದಾಗ ಮೂಲೆ ಹೊರಗೆ ಇಣುಕುವುದನ್ನು ಅವರೇ ನೋಡಲಿ.

ಕನ್ನಡಿ ಸಮ್ಮಿತಿಗೆ ಕಸೂತಿಗಿಂತ ಒಳ್ಳೆಯ ಸಾಮಗ್ರಿ ಧಾರವಾಡದಲ್ಲಿ ಇಲ್ಲ. ಎಳೆ ಎಣಿಸಿ ಹಾಕುವ ಗವಂತಿ ಹೊಲಿಗೆ ಗ್ರಾಫ್ ಹಾಳೆಗೆ ಹಾಗೇ ಇಳಿಯುತ್ತದೆ. ಒಬ್ಬರು ಗೋಪುರದ ಎಡ ಅರ್ಧ ಬಿಡಿಸಲಿ, ಇನ್ನೊಬ್ಬರು ಬಲ ಅರ್ಧ. ಅಕ್ಷ ಹಾಳೆಯ ಗೆರೆಯ ಮೇಲೇ ಇರಲಿ. ಮನೆಗಳನ್ನು ಅಕ್ಷದಿಂದ ಎಣಿಸದೆ ಹಾಳೆಯ ಅಂಚಿನಿಂದ ಎಣಿಸುವುದೇ ಇಲ್ಲಿನ ಸಾಮಾನ್ಯ ತಪ್ಪು.

ತಿರುಗುವ ಸಮ್ಮಿತಿಗೆ, ಅಂದರೆ ಸ್ವಲ್ಪ ತಿರುಗಿಸಿದರೂ ಆಕೃತಿ ಮೊದಲಿನ ಹಾಗೇ ಕಾಣುವುದಕ್ಕೆ, ಗದಗ ಜಿಲ್ಲೆಯ ಡಂಬಳಕ್ಕೆ ಹೋಗಿ. ಅಲ್ಲಿನ ದೊಡ್ಡಬಸಪ್ಪ ಗುಡಿಯ ವಿಮಾನದ (ಗರ್ಭಗುಡಿ ಮತ್ತು ಅದರ ಮೇಲಿನ ಶಿಖರದ) ತಳವಿನ್ಯಾಸ 24 ಮೊನೆಗಳ ನಕ್ಷತ್ರ. ಹೋಗಲು ಆಗದಿದ್ದರೆ 8 ಸೆಂ.ಮೀ.ಯ ಆರು ಚೌಕ ಕತ್ತರಿಸಿ, ಕರ್ಣಗಳು ಕೂಡುವಲ್ಲಿ ಟಾಚಣಿ ಚುಚ್ಚಿ, ಒಂದೊಂದನ್ನೂ ಹಿಂದಿನದಕ್ಕಿಂತ 15 ಡಿಗ್ರಿ ತಿರುಗಿಸಿ. ಅಂಥದೇ 24 ಮೊನೆ ಮೂಡುತ್ತವೆ. ಚಿಕ್ಕವರಿಗೆ ಮೂರು ಚೌಕ, 30 ಡಿಗ್ರಿ, 12 ಮೊನೆ ಸಾಕು. ಮೊನೆಗಳು ಉದ್ದಗಿಡ್ಡ ಬಂದರೆ ಚೌಕಗಳನ್ನು ದೂರಬೇಡಿ, ಟಾಚಣಿ ನಡುವಿಗೆ ಬಿದ್ದಿಲ್ಲ.