ಬೀದರ್: ಕಪ್ಪಿಗೆ ಬಿಟ್ಟ ಜಾಗ

ಬೀದರ್‌ನ ಕಪ್ಪನ್ನು ನೋಡಲು ಹೋದವರು ಮೊದಲು ಕೆಂಪಿನೊಳಗೆ ನಡೆಯಬೇಕಾಗುತ್ತದೆ. ಕಲಬುರಗಿಯಿಂದ ಹೊರಟ ರೈಲು ಹುಮನಾಬಾದ್ ದಾಟಿ ಮುಂದೆ ಸಾಗಿದಂತೆ ಎರೆಭೂಮಿ ಹಿಂದೆ ಸರಿದು ಜಂಬಿಟ್ಟಿಗೆಯ ಕೆಂಪು ತಲೆ ಎತ್ತುತ್ತದೆ. ಊರಿಗೆ ಊರೇ ಆ ಕಲ್ಲಿನ ದಿಬ್ಬದ ಮೇಲೆ ಕುಳಿತಿದೆ. ಕೋಟೆಯ ಮೂರು ಸಾಲಿನ ಕಂದಕವನ್ನೂ ಅದೇ ಕಲ್ಲನ್ನು ಕೊರೆದು ಮಾಡಿದ್ದಾರೆ.

ಜೊತೆಗೆ ಅಕ್ಕನ ಮಗಳಿದ್ದಳು. ಬೆಂಗಳೂರಿನಲ್ಲಿ ವಿನ್ಯಾಸ ಓದುತ್ತಾಳೆ. ಕಪ್ಪು ಮಾಡಿದ ಲೋಹಕ್ಕೆ ಬೆಳ್ಳಿ ಕೂಡಿಸುವ ಈ ಊರಿನ ಕುಸುರಿಗೆ ಬಿದರಿ ಎಂದು ಹೆಸರು; ಈಗಿನ ಮನೆಗಳಿಗೆ ಒಪ್ಪುವಂಥ ಬಿದರಿ ಕೆಲಸ ಎಲ್ಲಿದೆ ಎಂದು ಹುಡುಕುವುದು ಅವಳ ಉದ್ದೇಶ. ಹೂಜಿ, ಹುಕ್ಕಾ, ಪಾನ್‌ದಾನಗಳ ಕಾಲ ಮುಗಿಯಿತಲ್ಲ ಮಾಮಾ ಎಂಬುದು ಅವಳ ವಾದ. ಮೊದಲು ಕೋಟೆಯೊಳಗಿನ ರಂಗೀನ್ ಮಹಲ್ ನೋಡು, ಆಮೇಲೆ ಹೊಸದರ ಮಾತು ಎಂದೆ. ಆ ಮಹಲಿನ ಒಳಕೋಣೆಗಳಿಗೆ ಸಾಮಾನ್ಯವಾಗಿ ಬೀಗ. ಕೇಳಿಕೊಂಡ ಮೇಲೆ ಕಾವಲಿನವರು ಕೀಲಿ ತಂದರು.

ಹದಿನಾರನೆಯ ಶತಮಾನದಲ್ಲಿ ಬೀದರ್‌ನ ಸುಲ್ತಾನ ಅಲಿ ಬರೀದ್ ಶಾಹ ಈ ಮಹಲನ್ನು ಹೊಸದಾಗಿ ಕಟ್ಟಿಸಿದ. ಮರದ ಕಂಬಗಳ ಕೆತ್ತನೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲಿ. ನಾನು ನಿಲ್ಲುವುದು ಒಳಬಾಗಿಲಿನ ಚೌಕಟ್ಟಿನ ಮುಂದೆ. ಕಾಡಿಗೆಯಷ್ಟು ಕಪ್ಪಾದ ಕಲ್ಲಿಗೆ ಮುತ್ತಿನ ಚಿಪ್ಪನ್ನು ಕತ್ತರಿಸಿ ಕೂಡಿಸಿದ್ದಾರೆ. ಬಳ್ಳಿ, ಅಕ್ಷರ, ಅಂಚು ಎಲ್ಲವೂ ಚಿಪ್ಪಿನವು. ತಲೆ ಸ್ವಲ್ಪ ವಾಲಿಸಿದರೆ ಬಿಳುಪು ಹೋಗಿ ತಿಳಿ ಹಸಿರು, ಇನ್ನಷ್ಟು ವಾಲಿಸಿದರೆ ಗುಲಾಬಿ. ಹುಡುಗಿ ಮೊಬೈಲ್ ಕೆಳಗಿಳಿಸಿ, "ಇದು ಕಲ್ಲಿನ ಬಿದರಿ" ಎಂದಳು. ಸರಿಯಾಗಿಯೇ ಹೇಳಿದಳು. ಲೋಹವಿರಲಿ, ಕಲ್ಲಿರಲಿ, ಕಪ್ಪನ್ನು ಅಗೆದು ಹೊಳಪನ್ನು ಕೂಡಿಸುವುದು ಈ ಊರಿನ ಕೈಗೆ ಹತ್ತಿದ ಬುದ್ಧಿ.

ಕೋಟೆಯಿಂದ ಊರ ನಡುವಿನ ಹಳೆಯ ಗೋಪುರ ಚೌಬಾರದ ಕಡೆ ಬರುವ ದಾರಿಯಲ್ಲೇ ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ. 1472ರ ಕಟ್ಟಡ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಮುಂಭಾಗದ ಒಂದು ದೊಡ್ಡ ಪಾಲು ಹಾರಿಹೋಯಿತು. ಉಳಿದ ಒಂದು ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಓಡುವ ಹೆಂಚಿನ ಪಟ್ಟೆಗಳಿವೆ. ನೀಲಿ, ಹಸಿರು, ಹಳದಿ, ಬಿಳಿ. ಇವತ್ತಿನ ಯಾವ ಜವಳಿ ಅಂಗಡಿಯ ಗಾಜಿನಲ್ಲಿಟ್ಟರೂ ಹೊಸದೆನ್ನಿಸುವ ವಿನ್ಯಾಸ. ಅಲ್ಲಿ ಕುಳಿತು ಅವಳು ಪಟ್ಟೆಗಳನ್ನು ಪುಸ್ತಕಕ್ಕೆ ಇಳಿಸಿಕೊಂಡಳು. ನನಗೆ ಹಸಿವಾಗಿತ್ತು, ಅದನ್ನು ಯಾರೂ ಕೇಳಲಿಲ್ಲ.

ಚೌಬಾರದ ಆಚೆಯ ಗಲ್ಲಿಗಳಲ್ಲಿ ಬಿದರಿ ಅಂಗಡಿಗಳಿವೆ. ಮುಂದೆ ಗಾಜಿನ ಕಪಾಟು, ಹಿಂದೆ ಕಾರ್ಖಾನೆ. ನಾವು ಹೊಕ್ಕ ಅಂಗಡಿಯ ಹಿರಿಯರನ್ನು ಎಲ್ಲರೂ ಚಾಚಾ ಎನ್ನುತ್ತಾರೆ, ನಾವೂ ಅದನ್ನೇ ಹಿಡಿದೆವು. ಕಪಾಟಿನಲ್ಲಿ ಮೊದಲು ಕಂಡದ್ದು ನಿರಾಸೆಯ ಸಾಮಾನು: ಆನೆ, ನವಿಲು, ಸನ್ಮಾನಕ್ಕೆ ಕೊಡುವ ಫಲಕ. ಪೆನ್‌ಡ್ರೈವಿಗೂ ಬಿದರಿಯ ಕವಚ ತೊಡಿಸಿದ್ದಾರೆ. ಹಳೆಯ ಬಳ್ಳಿಯನ್ನು ಹೊಸ ಸಾಮಾನಿಗೆ ಅಂಟಿಸಿದ ಮಾತ್ರಕ್ಕೆ ಅದು ಹೊಸ ವಿನ್ಯಾಸವಾಗುವುದಿಲ್ಲ ಎಂಬ ನನ್ನ ತಕರಾರು ಹಳೆಯದು.

ಒಳಗೆ ಹೋದ ಮೇಲೆ ತಕರಾರು ಮರೆಯಿತು. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ, ಹರಳೆಣ್ಣೆ ಮತ್ತು ರಾಳ ಕೂಡಿಸಿ ಹದ ಮಾಡಿದ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅಚ್ಚಿನಿಂದ ಬಂದಾಗ ಅದು ಮಂಕು ಬೂದು ಬಣ್ಣದ ತುಂಡು. ಅರ ಹಾಕಿ ನುಣುಪು ಮಾಡಿ ಮೈಲುತುತ್ತದ ನೀರು ಸವರಿದರೆ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಗೀಚಿದ ಗೆರೆ ಎದ್ದು ಕಾಣುತ್ತದೆ. ಒಬ್ಬ ಹುಡುಗ ನೆಲದಲ್ಲಿ ಕುಳಿತು ಮೊನೆಯಿಂದ ನೇರವಾಗಿ ಹೂವು ಬರೆಯುತ್ತಿದ್ದ. ಕೆಳಗೆ ಕಾಗದವಿಲ್ಲ, ನಕಲು ಇಲ್ಲ. ಪಕ್ಕದವನು ಆ ಗೆರೆಯ ಗುಂಟ ಸಣ್ಣ ಉಳಿ ಓಡಿಸಿ ಕಾಲುವೆ ತೋಡುತ್ತಿದ್ದ; ಬೆಳ್ಳಿ ತಂತಿಯನ್ನು ಅದರಲ್ಲಿಟ್ಟು ಟಕಟಕ ಬಡಿದರೆ ತಂತಿ ಕಚ್ಚಿಕೊಳ್ಳುತ್ತದೆ. ಇದು ತಾರಕಶಿ. ತಂತಿಯ ಬದಲು ತಗಡು ಕೂಡಿಸುವ ಕೆಲಸದ ಹೆಸರು ಬೇರೆ, ಕೂಲಿಯೂ ಬೇರೆ.

ಕೊನೆಗೆ ಉಜ್ಜಿ ಬೆಳಗಿಸಿದಾಗ ಬೆಳ್ಳಿಯೂ ಸತುವೂ ಒಂದೇ ಬಣ್ಣವಾಗಿ, ಅಷ್ಟೂ ಚಿತ್ತಾರ ಮಾಯವಾಗುತ್ತದೆ. ಆಗ ಬೇಕಾಗುವುದು ಕೋಟೆಯ ಮಣ್ಣು. ಮಳೆ, ಬಿಸಿಲು ತಾಗದ ಹಳೆಯ ಮೂಲೆಗಳಿಂದ ತಂದ, ಪೆಟ್ಲುಪ್ಪಿನ ಅಂಶವಿರುವ ಮಣ್ಣು. ಚಾಚಾ ಒಂದು ಚಿಟಿಕೆ ತೆಗೆದು ನಾಲಿಗೆಯ ತುದಿಗೆ ಇಟ್ಟುಕೊಂಡರು, ಕಣ್ಣು ಕಿರಿದಾಗಿಸಿದರು, "ನಡೆಯುತ್ತದೆ" ಎಂದರು. ನವಸಾಗರವೆಂಬ ಲವಣ ಸೇರಿಸಿ ಕುದಿಸಿದ ಆ ಮಣ್ಣುನೀರಿಗೆ ಬಟ್ಟಲು ಇಳಿಯಿತು. ಹೊರಗೆ ತೆಗೆದಾಗ ಸತು ಕಾರ್ಗಪ್ಪು, ಬೆಳ್ಳಿ ಮಾತ್ರ ಹಾಗೆಯೇ. ಎಣ್ಣೆ ಸವರಿದ ಮೇಲೆ ಕಪ್ಪು ಇನ್ನಷ್ಟು ಆಳವಾಯಿತು.

ಕಪಾಟಿನ ಕೆಳಗಿನ ಅರೆಯಲ್ಲಿ ನಾವು ಹುಡುಕುತ್ತಿದ್ದದ್ದು ಸಿಕ್ಕಿತು. ಅಂಗೈಯಗಲದ ಒಂದು ತಟ್ಟೆ, ಪೂರ್ತಿ ಕಪ್ಪು, ಅಂಚಿನಿಂದ ಒಳಗೆ ಬಂದು ಅರ್ಧಕ್ಕೇ ನಿಂತ ಒಂದೇ ಒಂದು ಬೆಳ್ಳಿ ಗೆರೆ. ಪಕ್ಕದಲ್ಲಿ ಮೂರು ಚುಕ್ಕೆಯ ಕಿವಿಯೋಲೆ. ಇಂಥವನ್ನು ದೊಡ್ಡ ಊರಿನವರು ಕೇಳುತ್ತಾರಂತೆ. ಬೆಳ್ಳಿಯ ದರ ಏರಿರುವಾಗ ಕಡಿಮೆ ಬೆಳ್ಳಿಯ ವಿನ್ಯಾಸ ಅನುಕೂಲವೇ ಅಲ್ಲವೇ ಎಂದೆ. ಚಾಚಾ ಇಲ್ಲವೆಂದು ತಲೆಯಾಡಿಸಿದರು. "ಹೂವು ತುಂಬಿದ ತಟ್ಟೆಯಲ್ಲಿ ಎರಕದ ಸಣ್ಣ ತೂತು ಎಲೆಯ ಕೆಳಗೆ ಅಡಗುತ್ತದೆ. ಇದರಲ್ಲಿ ಎಲ್ಲಿ ಅಡಗಿಸಲಿ? ಖಾಲಿ ಜಾಗಕ್ಕೇ ಹೆಚ್ಚು ಕೆಲಸ." ಬೆಳ್ಳಿಯ ತೂಕ ನೋಡಿ ಬೆಲೆ ಕಟ್ಟುವ ಗಿರಾಕಿಗೆ ಇದು ಅರ್ಥವಾಗುವುದಿಲ್ಲ. ಈ ಊರಿನ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ ಬಿದರಿಯ ಹೆಸರು ಇನ್ನಷ್ಟು ದೂರ ಹೋಗಿದೆ. ಬರಿಯ ಕಪ್ಪಿಗೆ ಕೂಲಿ ಕೊಡುವ ಗಿರಾಕಿಗಳೂ ಅಷ್ಟೇ ದೂರದಿಂದ ಬರಬೇಕಾಗಿದೆ.

ಊರ ಹೊರಗೆ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳಿಗೆ ಹೋದದ್ದು ಮಧ್ಯಾಹ್ನ. ಅಹ್ಮದ್ ಶಾಹ ವಲಿಯ ಗುಮ್ಮಟದ ಒಳಮೈ ಬಣ್ಣ, ಚಿನ್ನ, ಬರಹಗಳಿಂದ ತುಂಬಿಹೋಗಿದೆ. ಖಾಲಿ ಜಾಗದ ಗುಂಗಿನಲ್ಲಿದ್ದ ನಮಗೆ ಅದು ಹಬ್ಬದೂಟದ ಮೇಲೆ ಇನ್ನೊಂದು ಹೋಳಿಗೆ ಬಡಿಸಿದಂತಾಯಿತು. ಸಂಜೆ ಅಲಿ ಬರೀದನ ಗೋರಿಯ ಹತ್ತಿರ ಸುಧಾರಿಸಿಕೊಂಡೆವು. ಅದಕ್ಕೆ ನಾಲ್ಕೂ ಕಡೆ ಎತ್ತರದ ಕಮಾನು, ಒಂದಕ್ಕೂ ಬಾಗಿಲಿಲ್ಲ. ಗಾಳಿ ಆ ಕಡೆಯಿಂದ ಬಂದು ಈ ಕಡೆ ಹೋಗುತ್ತದೆ, ನಡುವೆ ನುಣುಪಾದ ಕಪ್ಪು ಕಲ್ಲಿನ ಸಮಾಧಿ. ಬೀದರ್‌ನಲ್ಲಿ ಹೊಸದಾಗಿ ಕಟ್ಟುವವರು ಗಾಜಿನ ಮುಖವಾಡ ಹಾಕಿ ಒಳಗೆ ಎಸಿ ಇಡುವ ಮುಂಚೆ ಇಲ್ಲಿ ಅರ್ಧ ಗಂಟೆ ಕುಳಿತರೆ ಖರ್ಚು ಉಳಿದೀತು.

ಹುಡುಗಿ ಅಲ್ಲಿಯೇ ಒಂದು ದೀಪದ ಬುಡ ಬರೆದಳು. ಮದರಸಾದ ಅಂಕುಡೊಂಕು ಪಟ್ಟೆ, ಒತ್ತಾಗಿ, ಬುಡದಿಂದ ಕೊರಳಿನವರೆಗೆ. ಮರುದಿನ ಅದನ್ನು ಚಾಚಾನ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಬೇಟಿ, ಎರಡು ಗೆರೆ ಇಷ್ಟು ಹತ್ತಿರ ಬಂದರೆ ನಡುವಿನ ಸತು ಉಳಿಯ ಏಟಿಗೆ ಮುರಿಯುತ್ತದೆ" ಎಂದು ಪೆನ್ಸಿಲ್ ಕೇಳಿ, ಒಂದು ಬಿಟ್ಟು ಒಂದು ಪಟ್ಟೆಗೆ ಅಡ್ಡಗೀಟು ಹಾಕಿದರು. ಉಳಿದ ಚಿತ್ರವನ್ನು ಅವಳು ತಿರುಗಿಸಿ ತಿರುಗಿಸಿ ನೋಡಿ ಎಷ್ಟಾಗುತ್ತದೆ ಎಂದು ಕೇಳಿದಳು. ಅವರು ಹೇಳಿದ ಬೆಲೆಗೆ ನನ್ನ ಕಡೆ ತಿರುಗಿ "ಮಾಮಾ" ಎಂದಳು.